ಅಕ್ಕಿಡಬ್ಬಿಯೊಳಗಿನ ಟೈಮರು

ಒಣಗಿದ ಕಿತ್ತಳೆ ಸಿಪ್ಪೆಯ ವಾಸನೆ ಬಂದರೆ ಈಗಲೂ ಕೊಲ್ಲಿ ದೇಶದ ಅಲ್ ಖೋಬರಿನಲ್ಲಿದ್ದ ನಮ್ಮ ಮನೆಯ ಊಟದ ಮೇಜು ನೆನಪಾಗುತ್ತದೆ. ಚೀನಾದ ಹೈಸ್ಕೂಲು ಹುಡುಗಿ ಲಿನ್, ತನ್ನ ಅಜ್ಜಿ ಊರಿನಿಂದ ಕಳಿಸಿದ ಆ ಸಿಪ್ಪೆಯನ್ನು ನಮ್ಮ ಚಹಾಕ್ಕೂ ಹಾಕಿ, ಅಮ್ಮನ ಬಳಿ ಟ್ಯೂಶನ್ನಿಗೆ ಬಂದು ಇಂಗ್ಲಿಷ್ ಪರೀಕ್ಷೆಗೆ ತಯಾರಾಗುತ್ತಿದ್ದಳು.

ಮೊದಲು ಪ್ರಶ್ನೆ ಓದಬೇಕು, ಆಮೇಲೆ ಉತ್ತರವಿರುವ ಸಾಲನ್ನಷ್ಟೇ ಹುಡುಕಬೇಕು ಎಂಬುದು ಅಮ್ಮನ ಕಟ್ಟಪ್ಪಣೆ. ಇಡೀ ಪಾಠ ಓದುತ್ತ ಕೂತರೆ ಪರೀಕ್ಷೆಯಲ್ಲಿ ಹೊತ್ತು ಸಾಲದು. ಅದಕ್ಕೇ ಅಡುಗೆಮನೆಯ ಟೈಮರು ಮೇಜಿನ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು.

ಆ ಮಧ್ಯಾಹ್ನದ ಪಾಠದಲ್ಲಿ ಒಬ್ಬ ಅಜ್ಜಿ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಳು. ಲಿನ್ ಪ್ರಶ್ನೆಗಳನ್ನು ಬಿಟ್ಟು ಮೊದಲ ಸಾಲಿಗೆ ಹೋದಳು. ಬೆರಳಿಟ್ಟು ನಿಧಾನವಾಗಿ ಓದತೊಡಗಿದಳು. ಇನ್ನೊಂದು ಕೈ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದ ತನ್ನ ಕೂದಲನ್ನು ಹಿಡಿದುಕೊಂಡಿತ್ತು.

"ಅಮ್ಮಾ, ಟೈಮ್ ಹೋಗ್ತಾ ಉಂಟು," ಎಂದೆ.

"ನೀನು ಸುಮ್ಮನೆ ಕೂತ್ಕೊ ಮಾರಾಯ್ತಿ."

ಅಮ್ಮ ಟೈಮರನ್ನು ಒಯ್ದು ಅಕ್ಕಿಡಬ್ಬಿಯೊಳಗೆ ಹೂತು ಮುಚ್ಚಳ ಹಾಕಿದಳು. ಆಮೇಲೆ ಇಂಗ್ಲಿಷೇ ಮರೆತವಳಂತೆ ಲಿನ್‌ಗೆ ಕನ್ನಡದಲ್ಲೇ ಹೇಳಿದಳು: "ಓದು ಮಗಾ, ಅವಸರ ಎಂತಕ್ಕೆ?"

ಕನ್ನಡ ಬಾರದ ಲಿನ್ ಅರ್ಥವಾದವಳಂತೆ ತಲೆಯಾಡಿಸಿದಳು.

ಸ್ವಲ್ಪ ಹೊತ್ತಿಗೆ ಅಕ್ಕಿಯೊಳಗಿಂದ ಗಂಟೆ ಸಣ್ಣಗೆ ಹೊಡೆಯಿತು. ಅಷ್ಟರಲ್ಲಿ ಅಮ್ಮ ಬಾಚಣಿಗೆ ಹಿಡಿದು ಲಿನ್‌ಳ ಬೆನ್ನ ಹಿಂದೆ ನಿಂತಿದ್ದಳು.