ನೆಲಕ್ಕಿಳಿಸುವುದು

ಸತ್ತವರು ತಾವು ಕೊನೆಗೆ ಆಡಿದ ಆಟದೊಳಗೇ ಉಳಿಯುವುದರಿಂದ, ಗದಗಿನ ನೀಲಗಂಗವ್ವ ಮಗಳ ಲ್ಯಾಪ್‌ಟಾಪನ್ನು ಒಮ್ಮೆಯೂ ಆರಿಸಿರಲಿಲ್ಲ. ಅದು ಮಗಳ ಹಾಸಿಗೆಯ ಮೇಲೆಯೇ ಇತ್ತು. ಅದರೊಳಗೆ ಮಗಳು ತೇಜಸ್ವಿನಿ ಹಗಲಿರುಳು ಬೈಕ್ ರೇಸಿನಲ್ಲಿ ಓಡುತ್ತಿದ್ದಳು. ಬೇಸಿಗೆ ಬಂದದ್ದೇ ಲ್ಯಾಪ್‌ಟಾಪ್ ಕಾದ ಹಂಚಿನಂತಾಗಿ, ಬೈಕು ತಡವರಿಸತೊಡಗಿತು.

ರಿಪೇರಿಗೆ ಬಂದ ಮೆಹಬೂಬ ತಳ ಮುಟ್ಟಿ ನೋಡಿದ. "ಅಕ್ಕಾರ, ಗಾದಿ ಮ್ಯಾಲ ಇಟ್ರ ಇದಕ್ಕ ಗಾಳಿ ಆಡಂಗಿಲ್ಲ. ನೆಲಕ್ಕ ಇಳಸ್ರಿ, ತಣ್ಣಗಾಕೈತಿ."

"ಆಕೀನ್ನ ಒಮ್ಮೆ ನೆಲಕ್ಕ ಇಳಿಸೀನಪಾ. ಮತ್ತ ನನ್ನ ಕೈಲೆ ಆಗೂದಿಲ್ಲ."

ಪರದೆಯೊಳಗಿಂದ ಮಗಳೇ ಕೂಗಿದಳು. "ಯವ್ವಾ, ಭಾಳ ಸೆಕಿ ಆಗೇತಿ. ಇಳಸಬೇ."

ನೀಲಗಂಗವ್ವ ಸೆರಗಿನಿಂದ ನೆಲ ಒರೆಸಿ, ಎರಡೂ ಕೈಯಲ್ಲಿ ಎತ್ತಿ ಇಳಿಸಿದಳು. ಬೈಕು ಸಲೀಸಾಗಿ ಓಡಿತು. ಒಳಗಿನ ಫ್ಯಾನಿನ ಏದುಸಿರು ಮೆಲ್ಲಗಾಗುತ್ತ, ಮೆಲ್ಲಗಾಗುತ್ತ ನಿಂತಿತು.

ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದ ದಿನವೂ, ಜೀವ ಹಾಸಿಗೆಯ ಮೇಲೆ ಹೋಗಬಾರದೆಂದು ಹಿರಿಯರು ಹೇಳಿದ್ದಕ್ಕೆ, ಮಗಳನ್ನು ಈ ಹಾಸಿಗೆಯಿಂದ ಇದೇ ನೆಲಕ್ಕೆ ಇಳಿಸಿದ್ದಳು. ಅವತ್ತು ಏದುಸಿರು ಹೀಗೆಯೇ ನಿಂತಿತ್ತು.

"ಈಗ ಆರಾಮ ಆತು ನೋಡ್ರಿ," ಎಂದ ಮೆಹಬೂಬ.

ನೀಲಗಂಗವ್ವ ಲ್ಯಾಪ್‌ಟಾಪನ್ನು ಬಾಚಿ ಎತ್ತಿ, ಮತ್ತೆ ಹಾಸಿಗೆಯಲ್ಲಿ ಮಲಗಿಸಿ, ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತಳು.