ಒಂದು ದೋಣಿಯಲ್ಲಿ ರೊಟ್ಟಿ, ಒಂದರಲ್ಲಿ ಪಲ್ಯ

ಈಗಲೂ ಯಾರಾದರೂ ಎಣ್ಣೆಗಾಯಿಯ ಡಬ್ಬಿ ಬಿಚ್ಚಿದರೆ ನನಗೆ ಹೊಳೆಯ ಕೆಸರಿನ ವಾಸನೆ ನೆನಪಾಗುತ್ತದೆ.

ಗೋವಾದ ಚಿಂಬಲ್‌ನ ನಮ್ಮ ಚಾಳಿನವರು ಒಂದು ಭಾನುವಾರ ಎರಡು ದೋಣಿ ಮಾಡಿಕೊಂಡು ಹೊರಟಿದ್ದೆವು. ಹೊಳೆಯಾಚೆ ತಾಡಪತ್ರಿ ಕಟ್ಟಿ ಒಂದು ರಾತ್ರಿ ಉಳಿಯುವ ಯೋಚನೆ. ಯಾರ ಮನೆಯಿಂದ ಏನೆಂದು ಅಪ್ಪ ಹಂಚಿದ್ದ. ಮಧ್ಯಾಹ್ನದ ರೊಟ್ಟಿ ನಮ್ಮದು, ಎಣ್ಣೆಗಾಯಿ ಪಕ್ಕದ ಮನೆಯ ಕಸ್ತೂರಕ್ಕನದು. ನಲ್ಲಿ ನೀರಿಗಾಗಿ ಜಗಳವಾಡಿ ಅವ್ವ, ಕಸ್ತೂರಕ್ಕ ತಿಂಗಳಿಂದ ಮಾತು ಬಿಟ್ಟಿದ್ದರು.

"ಆಕಿ ಕುಂತ ದೋಣ್ಯಾಗ ನಾ ಕುಂಡ್ರಂಗಿಲ್ಲ" ಎಂದಳು ಅವ್ವ.

ಹೀಗಾಗಿ ರೊಟ್ಟಿಯ ಗಂಟು ಒಂದು ದೋಣಿ ಹತ್ತಿತು, ಪಲ್ಯದ ಬೋಗುಣಿ ಇನ್ನೊಂದನ್ನು.

ನಾವು ದಾಟಿದೆವು. ಅಷ್ಟರಲ್ಲಿ ಸಮುದ್ರದ ಇಳಿತ ಶುರುವಾಗಿ ಹೊಳೆಯ ನೀರು ಸರಿಯಿತು. ಹಿಂದಿದ್ದ ಅವರ ದೋಣಿ ದಂಡೆಯಿಂದ ತುಸು ದೂರದಲ್ಲಿ ಕೆಸರಿಗೆ ಕೂತುಬಿಟ್ಟಿತು. ನೀರು ಮತ್ತೆ ಏರುವವರೆಗೆ ಅದು ಕದಲುವಂತಿರಲಿಲ್ಲ. ಹಸಿವು ತಡೆಯದೆ ನಾನು ರೊಟ್ಟಿಯ ಗಂಟಿಗೆ ಕೈ ಹಾಕಿದೆ. ಅವ್ವ ಕೈಮೇಲೆ ಹೊಡೆದಳು.

"ಬರೇ ರೊಟ್ಟೀನ ತಿಂತೇನವ್ವ."

"ಅಲ್ಲಿ ಅವರು ಬರೇ ಪಲ್ಯಾ ತಿನಬೇಕೇನು? ಸುಮ್ನ ಕುಂಡ್ರು."

ಬಿಸಿಲು ತಗ್ಗುವ ಹೊತ್ತಿಗೆ ದೋಣಿ ಬಂತು. ಕಸ್ತೂರಕ್ಕನ ಮಕ್ಕಳು ಅತ್ತು ಅತ್ತು ಸುಮ್ಮನಾಗಿದ್ದರು. ಬೋಗುಣಿಯ ಬಾಯಿಗೆ ಬಿಗಿದ ಅರಿವೆ ಮಾತ್ರ ಮನೆಯಲ್ಲಿ ಕಟ್ಟಿದ ಹಾಗೆಯೇ ಇತ್ತು. ಅವ್ವ ಅದನ್ನು ನೋಡಿದಳು. ಸೀರೆ ಎತ್ತಿ ಕಟ್ಟಿ, ಮೊಣಕಾಲವರೆಗೆ ಕೆಸರಿಗಿಳಿದು ಬೋಗುಣಿ ಇಸಿದುಕೊಂಡಳು.

ಮೊದಲ ತುತ್ತು ನುಂಗಿ, "ಉಪ್ಪ ಕಡಿಮಿ ಆಗೈತಿ" ಎಂದಳು, ನೇರವಾಗಿ ಕಸ್ತೂರಕ್ಕನಿಗೇ.

ಕಸ್ತೂರಕ್ಕ ಇನ್ನೊಂದು ರೊಟ್ಟಿ ಮುರಿದಳು. "ನಿನ್ನ ರೊಟ್ಟಿ ಭಾಳ ತೆಳ್ಳಗ ಅದಾವೇನು?"