ಬಲಸುತ್ತಿನ ಈಜು

ಕೈಗೆ ಸಿಗಬೇಕಾದದ್ದು ಬರೀ ನೀರು, ಸಿಕ್ಕಿದ್ದು ಜೊಂಡು. ಸರ್ವಮಂಗಳ ತಲೆ ಎತ್ತಿ ನೋಡಿದಳು. ದಾರಿ ತೋರಿಸಲು ಕೆರೆಯಲ್ಲಿ ತೇಲಿಬಿಟ್ಟಿದ್ದ ಕೆಂಪು ಬಲೂನುಗಳ ಸಾಲು ಎಡಗಡೆ ಎಲ್ಲೋ ದೂರದಲ್ಲಿತ್ತು. ಬಲಗಡೆ, ಇನ್ನೆರಡು ಸಲ ಕೈ ಬೀಸಿದರೆ ಮುಟ್ಟುವಷ್ಟು ಹತ್ತಿರದಲ್ಲಿ, ಏರಿಯ ಕಲ್ಲುಗಳು. ಕೋಡಿಯಿಂದ ಏರಿಯ ಉದ್ದಕ್ಕೂ ಈಜಿ ತೂಬಿನ ಹತ್ತಿರ ಮೇಲೆ ಬರಬೇಕಾದವಳು ಮತ್ತೆ ಮತ್ತೆ ದಡಕ್ಕೇ ಬಂದು ಬಡಿಯುತ್ತಿದ್ದಳು.

ಉಳಿದವರೆಲ್ಲ ಈಜು ಮುಗಿಸಿ ಆಗಲೇ ಸೈಕಲ್ ಹತ್ತಿಯಾಗಿತ್ತು. ಅದಾದ ಮೇಲೆ ಓಟ. ಮೂರೂ ಸೇರಿದರೆ ಟ್ರಯಥ್ಲಾನ್. ತಿಪಟೂರಿನ ಕೆಲವು ಹುಡುಗರು ಹೊಸಬರಿಗೆಂದೇ ಏರ್ಪಾಡು ಮಾಡಿದ್ದ ಚಿಕ್ಕ ಸ್ಪರ್ಧೆ ಇದು.

"ಅಕ್ಕಾ, ದಡಕ್ಕೆ ಕಾಲಿಟ್ರೆ ಔಟು!" ಎಂದು ತೆಪ್ಪದಲ್ಲಿದ್ದ ಕಾವಲಿನವನು ಕೂಗಿದ. "ಸುಸ್ತಾದ್ರೆ ಹೇಳಿ, ತೆಪ್ಪಕ್ಕೆ ಹತ್ತಿಸ್ಕೊತೀನಿ. ಅದೂ ಔಟೇ, ಆದ್ರೆ ಆರಾಮು."

ಏರಿಯ ಕಲ್ಲಿನ ಮೇಲೆ ಅವಳ ಗಂಡ ರೇಣುಕಪ್ರಸಾದ್ ಪ್ಯಾಂಟು ಮಡಿಸಿಕೊಂಡು, ಬಗ್ಗಿ, ಕೈ ಚಾಚಿ ನಿಂತಿದ್ದ.

"ಸಾಕು ಬಾರೇ ಮಂಗಳಾ. ತೇಲೋಕೆ ಬೆನ್ನಿಗೆ ಎರಡು ಒಣಗಾಯಿ ಕಟ್ಕೊಂಡು ಬರಬೇಕಿತ್ತು ನೀನು. ನಾಳೆ ಕೊಬ್ಬರಿ ಮಂಡೀಲಿ ಎಲ್ಲ ನನ್ನ ಮುಖ ನೋಡಿ ನಗ್ತಾರೆ."

"ನಗ್ಲಿ ಬುಡ್ರಿ," ಎಂದಳು ಅವಳು, ಬಾಯಿಗೆ ನುಗ್ಗಿದ ನೀರು ಉಗಿಯುತ್ತ. "ಮೊದ್ಲು ಆ ಕೈ ತೆಗೀರಿ. ಅಪ್ಪಿತಪ್ಪಿ ಹಿಡ್ಕೊಂಡ್ಬುಟ್ಟೇನು."

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಅವನು ಕೇಳಿದ್ದ. "ಹೆಣ್ಣುಮಗು ಓಡಬಾರ್ದು, ಸೈಕಲ್ ತುಳೀಬಾರ್ದು, ನೀರಿಗಿಳೀಬಾರ್ದು ಅಂತ ಕೇಳ್ಕೊಂಡೇ ಬೆಳೆದೋಳು ನಾನು. ಮೂರನ್ನೂ ಒಂದೇ ಬೆಳಿಗ್ಗೆ ಮಾಡಿ ಮುಗಿಸ್ತೀನಿ," ಎಂದಿದ್ದಳು. ಸೈಕಲ್ಲು, ಓಟ ಎರಡೂ ಬಿಳಿಗೆರೆ ರಸ್ತೆಯಲ್ಲಿ ಬಿದ್ದು ಎದ್ದು ಬಂದವು. ಈಜು ಕಲಿಸಿದವಳು ಮಾತ್ರ ಅತ್ತೆ ಶಿವರುದ್ರಮ್ಮ, ತಾನು ಎಂದೂ ನೀರಿಗಿಳಿಯದವಳು. ತೋಟದ ಬಾವಿಯಲ್ಲಿ ಸೊಸೆಯ ಸೊಂಟಕ್ಕೆ ಸೇದುವ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ಅವಳು ಕಟ್ಟೆಯ ಸುತ್ತ ನಡೆಯುವಳು. ಕೆಳಗೆ ಸೊಸೆ ಹಗ್ಗ ಹೋದ ಕಡೆಗೇ ಈಜುವಳು. ಬಸ್ಸಿನ ಕಿಟಕಿಯಲ್ಲಿ ಗುಡಿ ಕಂಡರೂ ಚೀಲ ಕೆಳಗಿಟ್ಟು ಎರಡೂ ಕೈ ಮುಗಿಯುವ ಹೆಂಗಸು. ಬಾವಿಯನ್ನೂ ದೇವರನ್ನು ಸುತ್ತಿದ ಹಾಗೆ ಬಲಕ್ಕೇ ಸುತ್ತುತ್ತಿದ್ದಳು. "ಆ ಕಡೆಯಿಂದ್ಲೂ ಒಂದು ಸುತ್ತು ಹಾಕಿ ಅತ್ತೆ," ಎಂದು ಒಮ್ಮೆ ಸರ್ವಮಂಗಳ ಕೇಳಿದಾಗ ಕೆನ್ನೆ ಬಡಿದುಕೊಂಡಿದ್ದಳು. "ಅಪ್ರದಕ್ಷಿಣೆ ಹಾಕ್ತಾರೇನೇ? ನೀರು ಅಂದ್ರೆ ಗಂಗವ್ವ ಕಣೇ!"

ಈಗ ಏರಿಯ ಮೇಲೆ ನಿಂತಿದ್ದ ಶಿವರುದ್ರಮ್ಮನಿಗೆ ಅರ್ಥವಾಯಿತು. ಸೊಸೆಗೆ ಸುಸ್ತಾಗಿರಲಿಲ್ಲ. ಇಷ್ಟು ದೊಡ್ಡ ಕೆರೆಯಲ್ಲೂ ಅವಳು ಬಾವಿಯನ್ನೇ ಸುತ್ತುತ್ತಿದ್ದಳು, ಬಲಕ್ಕೆ.

"ಲೇ ರೇಣುಕ, ಈಚೆಗ್ ಬಾರ್ಲಾ!" ಎಂದು ಮಗನ ತೋಳು ಹಿಡಿದು ಹಿಂದಕ್ಕೆ ಎಳೆದಳು. ನೀರಿನ ಕಡೆಗೆ ಕೂಗಿದಳು: "ಮಂಗಳಾ, ನಿನ್ನ ಬಲಕ್ಕೆ ಪಳಗ್ಸಿದೋಳು ನಾನೇ ಕಣವ್ವ. ಈಗ ಎಡಕ್ಕೆ ಸುತ್ತಿಸ್ತೀನಿ. ಸೊಂಟಕ್ಕೆ ಹಗ್ಗ ಐತೆ ಅಂತ ತಿಳ್ಕೊ. ನನ್ನ ನೋಡ್ಕೊಂಡೇ ಬಾ. ಹಗ್ಗ ಬಿಗಿಯಾಗಿರ್ಲಿ. ಸಡಿಲ ಬುಟ್ಟು ದಡಕ್ಕೆ ಬಂದೀಯ, ಜೋಕೆ!"

"ಅವ್ವಾ, ಜನ ನೋಡ್ತಾವ್ರೆ."

"ನೋಡಾಕೇ ಬಂದವ್ರೆ ಕಣ್ಲಾ ಅವ್ರು."

ಶಿವರುದ್ರಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಎರಡೂ ಮುಷ್ಟಿ ಬಿಗಿದು ಎದೆಯ ಮುಂದೆ ಹಿಡಿದಳು. ಕೆರೆಯನ್ನು ಎಡಕ್ಕಿಟ್ಟುಕೊಂಡು ಹೆಜ್ಜೆ ಹಾಕತೊಡಗಿದಳು. ಸರ್ವಮಂಗಳ ಜೊಂಡನ್ನು ಒದ್ದು, ಬಾವಿಯಲ್ಲಿ ಹಗ್ಗ ಜಗ್ಗುತ್ತಿದ್ದಷ್ಟು ದೂರ ನೀರಿನೊಳಕ್ಕೆ ಸರಿದಳು. ಪ್ರತಿ ಉಸಿರಿಗೂ ಬಲಗಣ್ಣಿಗೆ ಅತ್ತೆಯ ಹಸಿರು ಸೀರೆ. ಹತ್ತಿರವಾದರೆ ಹಗ್ಗ ಸಡಿಲ, ದೂರ ಸರಿ. ಕೆಂಪು ಬಲೂನೊಂದು ಎಡಭುಜಕ್ಕೆ ತಗುಲಿತು. ಆಮೇಲೆ ಇನ್ನೊಂದು.

"ಕಾಲು ಆಡ್ಸೇ! ಅಟ್ಟದ ಮ್ಯಾಲಿನ ಕಾಯಂಗೆ ಬಿದ್ಕೋಬ್ಯಾಡ!"

ತೆಪ್ಪದವನು ಹುಟ್ಟು ಹಾಕುವುದನ್ನೇ ಮರೆತು ನೋಡುತ್ತಿದ್ದ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ನಿಂತಿದ್ದ ರೇಣುಕಪ್ರಸಾದ್, ತೂಬಿನ ಹತ್ತಿರ ಹೆಂಡತಿಯ ಸೈಕಲ್ ನಿಲ್ಲಿಸಿದ್ದ ಕಡೆಗೆ ಮೆಲ್ಲಗೆ ಹೊರಟ. ನಾಲ್ಕು ಹೆಜ್ಜೆಯಾದ ಮೇಲೆ ಓಡತೊಡಗಿದ.

ಈಜು ಮುಗಿಯುವ ಕಡೆ, ತೂಬಿನ ಹತ್ತಿರ ನೆಟ್ಟಿದ್ದ ಬಾವುಟ ಹತ್ತಿರವಾಯಿತು. ಅದಕ್ಕೆ ಸ್ವಲ್ಪ ಮುಂಚೆ ಏರಿಯ ಮೇಲೆ ಬಸವಣ್ಣನ ಗುಡಿ. ಬಾಗಿಲು ತೆರೆದಿತ್ತು, ಒಳಗೆ ದೀಪ ಉರಿಯುತ್ತಿತ್ತು. ಶಿವರುದ್ರಮ್ಮ ಅದರ ಮುಂದೆಯೇ ನಡೆದು ಹೋದಳು. ಕೈ ಮುಗಿಯಲಿಲ್ಲ. ಎರಡೂ ಕೈಯಲ್ಲಿ ಹಗ್ಗವಿತ್ತು.